ಬೊಗಸೆ ಜೋಳ ತಿಂದ ಕೋಳಿ ತೊಗಲು ತತ್ತಿ ಇಟ್ಟಿದ್ದೇಕೆ?

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಗೂಡಿನ ಹುಲ್ಲಿನೊಳಗೆ ಕೈ ಹಾಕಿದಾಗ ಬೆರಳಿಗೆ ತಾಗಿದ್ದು ತತ್ತಿಯ ಹಾಗಿರಲಿಲ್ಲ. ಬೆಚ್ಚಗಿತ್ತು, ಮೆತ್ತಗಿತ್ತು, ನೀರು ತುಂಬಿದ ಪುಟ್ಟ ಚೀಲದಂತೆ ಅಂಗೈಯಲ್ಲಿ ಒಂದು ಕಡೆಗೆ ವಾಲಿತು. ಬೆಳಕಿಗೆ ಹಿಡಿದರೆ ಒಳಗಿನ ಹಳದಿ ನೆರಳಾಗಿ ಕಾಣುತ್ತಿತ್ತು. ಸಿಪ್ಪೆಯಿಲ್ಲದೆ ಬರೀ ಪೊರೆ ಸುತ್ತಿಕೊಂಡು ಹೊರಬಿದ್ದ ಇಂಥದ್ದಕ್ಕೆ ನಮ್ಮ ಮನೆಯಲ್ಲಿ ತೊಗಲು ತತ್ತಿ ಎನ್ನುತ್ತೇವೆ. ಆ ವಾರ ಅದು ಮೂರನೆಯದು.

ಅವ್ವನಿಗೆ ಬೇಸರವಾಯಿತು. "ಹೊಟ್ಟೆಗೆ ಏನಾದರೂ ಕಡಿಮೆ ಮಾಡಿದ್ದೇನೆಯೇ? ಮೂರು ಹೊತ್ತೂ ಬೊಗಸೆ ಬೊಗಸೆ ಜೋಳ ಹಾಕುತ್ತೇನೆ" ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಲಬುರಗಿಯ ಅಂಚಿನ ನಮ್ಮ ಹಿತ್ತಲಿನಲ್ಲಿ ಆಗ ಹೆಚ್ಚು ತತ್ತಿ ಕೊಡುವ ಸ್ವರ್ಣಧಾರಾ ತಳಿಯ ಆರು ಕೋಳಿಗಳೂ ಎರಡು ಜವಾರಿ ಕೋಳಿಗಳೂ ಇದ್ದವು. ಊರಿಂದ ಬಂದ ಹಿಂಗಾರಿ ಬಿಳಿ ಜೋಳವನ್ನು ನಾವು ಉಂಡ ಹಾಗೆಯೇ ಅವೂ ಉಣ್ಣುತ್ತಿದ್ದವು. ಅಂಗಡಿಯಿಂದ ತಂದ ತತ್ತಿ ಕೋಳಿ ಆಹಾರದ ಚೀಲ ಮೂಲೆಯಲ್ಲಿತ್ತು. ಜೋಳ ಕಂಡ ಕೋಳಿಗಳು ಆ ಪುಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಕೊರತೆ ಇದ್ದದ್ದು ಅಲ್ಲಿಯೇ. ಕೋಳಿಯ ಹೊಟ್ಟೆ ತುಂಬಿತ್ತು, ತತ್ತಿಗೆ ಬೇಕಾದ ಸಾಮಾನು ಮಾತ್ರ ಆ ಹೊಟ್ಟೆಯಲ್ಲಿ ಇರಲಿಲ್ಲ. ಕೋಳಿಗೆ ಕಾಳು ಹಾಕುವ ನಮ್ಮ ರೂಢಿ ಒಳ್ಳೆಯದೇ, ಅದನ್ನು ಬಿಡಬೇಕಾಗಿಯೂ ಇಲ್ಲ. ಯಾವ ಹೊತ್ತಿಗೆ, ಎಷ್ಟು, ಯಾವುದರ ಜೊತೆಗೆ ಎಂಬುದು ಗೊತ್ತಿದ್ದರೆ ಸಾಕು. ಅದು ಗೊತ್ತಾಗಬೇಕಾದರೆ ಮೊದಲು ತತ್ತಿ ಹೇಗೆ ತಯಾರಾಗುತ್ತದೆ ಎಂದು ನೋಡಬೇಕು.

ಒಂದು ತತ್ತಿ ರೂಪುಗೊಳ್ಳಲು ಸುಮಾರು 24ರಿಂದ 26 ಗಂಟೆ ಬೇಕು. ಬೆಳಿಗ್ಗೆ ಕೋಳಿ ತತ್ತಿಯಿಟ್ಟು ಕೊಕ್ಕೊಕ್ಕೋ ಎಂದು ಕೂಗಿ ಹೊರಗೆ ಬಂದ ಅರ್ಧ ಗಂಟೆಯ ಹೊತ್ತಿಗೆ ಒಳಗೆ ಮುಂದಿನ ಹಳದಿ ಭಾಗ ಅಂಡಾಶಯದಿಂದ ಕಳಚಿ ಹೊರಡುತ್ತದೆ. ಅದರ ಸುತ್ತ ಬಿಳಿ ಲೋಳೆ ಸುತ್ತಿಕೊಂಡು ಪೊರೆ ಕಟ್ಟಲು ನಾಲ್ಕೈದು ಗಂಟೆ ಸಾಕು. ಉಳಿದ ಇಪ್ಪತ್ತು ಗಂಟೆಯಷ್ಟು ಕಾಲವೂ ಸಿಪ್ಪೆಯ ಕೆಲಸಕ್ಕೇ ಹೋಗುತ್ತದೆ. ಅಂದರೆ ಮಧ್ಯಾಹ್ನ ಶುರುವಾದ ಈ ಕೆಲಸ ಕೋಳಿ ಗೂಡಿನ ಕೋಲಿನ ಮೇಲೆ ಕಣ್ಣು ಮುಚ್ಚಿ ಕುಳಿತ ರಾತ್ರಿಯಿಡೀ ಭರದಿಂದ ಸಾಗುತ್ತದೆ. ನಾವು ಮಲಗಿರುವಾಗ ಅದರ ಹೊಟ್ಟೆಯಲ್ಲಿ ಗೋಡೆ ಕಟ್ಟುವ ಕೆಲಸ ನಡೆದಿರುತ್ತದೆ.

ಆ ಗೋಡೆಗೆ ಬೇಕಾದದ್ದು ಸುಣ್ಣದ ಅಂಶ. 55 ಗ್ರಾಂ ತೂಕದ ತತ್ತಿಯಲ್ಲಿ ಸಿಪ್ಪೆಯೇ ಐದು ಗ್ರಾಂಗಿಂತ ಹೆಚ್ಚು ಇರುತ್ತದೆ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅದರಲ್ಲಿ ಶುದ್ಧ ಕ್ಯಾಲ್ಸಿಯಂ ಸುಮಾರು 2 ಗ್ರಾಂ. ಕೇಳಲು ಚಿಕ್ಕ ಲೆಕ್ಕ. ಆದರೆ ಸಿಪ್ಪೆ ಕಟ್ಟುವ ಭರದಲ್ಲಿ ಕೋಳಿಯ ರಕ್ತದಲ್ಲಿ ಇರುವ ಕ್ಯಾಲ್ಸಿಯಂ ಕೆಲವೇ ನಿಮಿಷಗಳಿಗೆ ಸಾಲುವಷ್ಟು ಮಾತ್ರ. ಕರುಳಿನಿಂದ ಹೊಸದು ಬರುತ್ತಲೇ ಇರಬೇಕು. ಬರದಿದ್ದರೆ ಕೋಳಿ ತನ್ನ ಎಲುಬನ್ನೇ ಕರಗಿಸಿ ಕೊಡುತ್ತದೆ. ಅದಕ್ಕೆಂದೇ ತತ್ತಿಯಿಡುವ ಕೋಳಿಯ ಕಾಲೆಲುಬಿನ ಒಳಗೆ ಸುಣ್ಣದ ಚಿಕ್ಕ ದಾಸ್ತಾನು ಇರುತ್ತದೆ. ದಿನವೂ ಅಲ್ಲಿಂದಲೇ ತೆಗೆದರೆ ಎಲುಬು ಟೊಳ್ಳಾಗುತ್ತದೆ, ಕೋಳಿ ಕುಂಟುತ್ತದೆ, ಕೊನೆಗೆ ಸಿಪ್ಪೆಯಿಲ್ಲದ ತತ್ತಿ ಬೀಳುತ್ತದೆ. ತಿಂದ ಕ್ಯಾಲ್ಸಿಯಂನಲ್ಲಿ ಸಿಪ್ಪೆಗೆ ಸೇರುವುದು ಅರ್ಧದ ಆಸುಪಾಸು ಮಾತ್ರ. ಆದ್ದರಿಂದ 2 ಗ್ರಾಂ ಹೊರಹಾಕುವ ಕೋಳಿಗೆ ದಿನಕ್ಕೆ 4 ಗ್ರಾಂ ಉಣಿಸಬೇಕು.

ಈಗ ಜೋಳಕ್ಕೆ ಬರೋಣ. 100 ಗ್ರಾಂ ಜೋಳದಲ್ಲಿ ಪ್ರೋಟೀನು 10 ಗ್ರಾಂ ಇದೆ, ಪಿಷ್ಟ ಬೇಕಾದಷ್ಟಿದೆ, ಶಕ್ತಿ ಮೆಕ್ಕೆಜೋಳಕ್ಕೆ ಹತ್ತಿರ ಹತ್ತಿರ ಇದೆ. ಕ್ಯಾಲ್ಸಿಯಂ ಮಾತ್ರ 30 ಮಿಲಿಗ್ರಾಂ ಕೂಡ ಇಲ್ಲ. ತತ್ತಿ ಕೋಳಿಯ ಸಮತೋಲನ ಆಹಾರದಲ್ಲಿ ಅಷ್ಟೇ ತೂಕಕ್ಕೆ 3,500ರಿಂದ 4,000 ಮಿಲಿಗ್ರಾಂ ಇರಬೇಕು. ನೂರು ಪಟ್ಟಿಗೂ ಮಿಕ್ಕ ಅಂತರ ಇದು. ಸುಣ್ಣಕ್ಕೆ ಹೆಸರಾದ ರಾಗಿಯಲ್ಲಿ ಜೋಳದ ಹತ್ತು ಪಟ್ಟಿಗೂ ಹೆಚ್ಚು ಕ್ಯಾಲ್ಸಿಯಂ ಇದ್ದರೂ ಕೋಳಿಯ ಬೇಡಿಕೆಯ ಹತ್ತನೇ ಒಂದು ಪಾಲಿಗೆ ಅದು ನಿಂತುಬಿಡುತ್ತದೆ. ಯಾವ ಕಾಳಿನಿಂದಲೂ ಈ ಸಾಲ ತೀರುವುದಿಲ್ಲ.

ಪ್ರೋಟೀನಿನ ಮಾತು ಸ್ವಲ್ಪ ಬೇರೆ. ತತ್ತಿ ಕೋಳಿಗೆ ಆಹಾರದಲ್ಲಿ 16ರಿಂದ 18 ಶೇಕಡಾ ಪ್ರೋಟೀನು ಬೇಕು, ಜೋಳದಲ್ಲಿ ಇರುವುದು 10. ಪ್ರಮಾಣ ಕಡಿಮೆ ಎನ್ನುವುದಕ್ಕಿಂತ ಗುಣದಲ್ಲಿ ಒಂದು ಕೊಂಡಿ ಸಡಿಲ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರಪಳಿ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ತೀರ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ, ಆದರೆ ಅಲ್ಲಿ ಮೆಥಿಯೋನಿನ್ ಕೊರತೆ. ಎಳ್ಳಿನ ಹಿಂಡಿಯಲ್ಲಿ ಆ ಮೆಥಿಯೋನಿನ್ ಚೆನ್ನಾಗಿದೆ. ನಮ್ಮ ತಾಟನ್ನು ನೆನಪಿಸಿಕೊಂಡರೆ ಇದು ಥಟ್ಟನೆ ಅರ್ಥವಾಗುತ್ತದೆ. ಜೋಳದ ರೊಟ್ಟಿ, ತೊಗರಿ ಬೇಳೆ ಹಾಕಿದ ಪುಂಡಿ ಪಲ್ಯ, ಪಕ್ಕದಲ್ಲಿ ಎಳ್ಳಿನ ಚಟ್ನಿಪುಡಿಯೋ ಶೇಂಗಾ ಪುಡಿಯೋ. ನಮ್ಮ ಅಜ್ಜಿಯಂದಿರು ಅಮೈನೋ ಆಮ್ಲದ ಹೆಸರು ಕೇಳದೆಯೇ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಸಿದ್ದರು. ಬರೀ ಜೋಳ ತಿನ್ನುವ ಕೋಳಿ ಬೇಳೆಯಿಲ್ಲದೆ, ಪಲ್ಯವಿಲ್ಲದೆ ಮೂರು ಹೊತ್ತೂ ಒಣರೊಟ್ಟಿ ಕಡಿದಂತೆ.

ಹಾಗಾದರೆ ಸಮತೋಲನ ಆಹಾರದ ಜೊತೆಗೆ ಜೋಳ ಬೆರೆತರೆ ಏನಾಗುತ್ತದೆ? ದಿನಕ್ಕೆ 110 ಗ್ರಾಂ ತಿನ್ನುವ ಕೋಳಿಯನ್ನು ತೆಗೆದುಕೊಳ್ಳೋಣ. ಅದು ಪೂರ್ತಿ ತತ್ತಿ ಕೋಳಿ ಆಹಾರವನ್ನೇ ತಿಂದರೆ, 17 ಶೇಕಡಾ ಲೆಕ್ಕದಲ್ಲಿ ಸುಮಾರು 18.7 ಗ್ರಾಂ ಪ್ರೋಟೀನೂ 4.1 ಗ್ರಾಂ ಕ್ಯಾಲ್ಸಿಯಮ್ಮೂ ಸಿಗುತ್ತವೆ. ಅರ್ಧ ಆಹಾರ, ಅರ್ಧ ಜೋಳ ತಿಂದರೆ ಪ್ರೋಟೀನು 15 ಗ್ರಾಂಗೆ ಇಳಿಯುತ್ತದೆ, ಕ್ಯಾಲ್ಸಿಯಂ 2.1ಕ್ಕೆ ಕುಸಿಯುತ್ತದೆ. ಹೊಟ್ಟೆ ಎರಡೂ ಸಲ ಒಂದೇ ರೀತಿ ತುಂಬಿರುತ್ತದೆ. ಅದಕ್ಕೇ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಇನ್ನು ಹತ್ತನೇ ಒಂದು ಪಾಲು ಮಾತ್ರ ಜೋಳ ಕೊಟ್ಟರೆ ಪ್ರೋಟೀನು ಸುಮಾರು 18 ಗ್ರಾಂನಲ್ಲಿ, ಕ್ಯಾಲ್ಸಿಯಂ 3.7ರಲ್ಲಿ ನಿಲ್ಲುತ್ತದೆ. ಈ ಸಣ್ಣ ಇಳಿತವನ್ನು ಕೋಳಿ ತಾಳಿಕೊಳ್ಳುತ್ತದೆ. ಕಾಳಿನ ತಿಂಡಿ ದಿನದ ಊಟದ ಹತ್ತನೇ ಒಂದು ಪಾಲು ಮೀರಬಾರದು ಎಂಬ ಮಾತು ಹುಟ್ಟಿದ್ದು ಈ ಲೆಕ್ಕದಿಂದ.

ಹತ್ತನೇ ಒಂದು ಪಾಲು ಎಂದರೆ ಒಂದು ಕೋಳಿಗೆ 11 ಗ್ರಾಂ. ಅದೆಷ್ಟು ಎಂದು ನೋಡಲು ಅವ್ವನ ಒಂದು ಹಿಡಿ ಜೋಳವನ್ನು ಅಡುಗೆಮನೆಯ ತಕ್ಕಡಿಯ ಮೇಲೆ ಸುರಿಸಿದೆ. 48 ಗ್ರಾಂ ತೋರಿಸಿತು. ಅಂದರೆ ಅವ್ವನ ಒಂದು ಹಿಡಿ ನಾಲ್ಕು ಕೋಳಿಗಳಿಗೆ ಒಂದು ದಿನದ ತಿಂಡಿ, ನಮ್ಮ ಎಂಟು ಕೋಳಿಗಳಿಗೆ ದಿನಕ್ಕೆ ಎರಡೇ ಹಿಡಿ. ಅವಳು ಹಾಕುತ್ತಿದ್ದದ್ದು ಹೊತ್ತಿಗೊಂದು ಬೊಗಸೆ, ಮೂರು ಹೊತ್ತು. ಒಂದು ಕೋಳಿಯ ಪಾಲನ್ನು ಎಣಿಸಲೂ ಕುಳಿತೆ. ದಪ್ಪ ಬಿಳಿ ಜೋಳವಾದ್ದರಿಂದ ಮುನ್ನೂರರ ಆಸುಪಾಸಿನಲ್ಲಿ ಮುಗಿಯಿತು. ಮುನ್ನೂರು ಕಾಳು ಎಂದರೆ ಬಹಳ ಎನಿಸುತ್ತದೆ, ಅಂಗೈಯ ಗುಳಿಯಲ್ಲಿ ಹಾಕಿದರೆ ಗುಳಿಯೂ ತುಂಬುವುದಿಲ್ಲ.

ಹೆಚ್ಚು ಕಾಳಿನಿಂದ ಇನ್ನೊಂದು ಅಪಾಯವೂ ಇದೆ. ಉಳಿದ ಪಿಷ್ಟವೆಲ್ಲ ಕೊಬ್ಬಾಗಿ ಹೊಟ್ಟೆಯೊಳಗೂ ಯಕೃತ್ತಿನಲ್ಲೂ ಕೂರುತ್ತದೆ. ಓಡಾಟ ಕಡಿಮೆಯಿರುವ, ಮೆಕ್ಕೆಜೋಳವನ್ನೇ ಮೇಯುವ ಕೋಳಿಗಳಲ್ಲಿ ಇದು ಹೆಚ್ಚು. ಮೈ ತುಂಬಿಕೊಂಡು ಚೆನ್ನಾಗಿಯೇ ಕಾಣುವ ಕೋಳಿ ಒಂದು ದಿನ ಜುಟ್ಟು ಬಿಳಿಚಿಕೊಂಡು ಸತ್ತು ಬಿದ್ದಿರುತ್ತದೆ. ಕೊಬ್ಬು ತುಂಬಿದ ಯಕೃತ್ತು ಒಡೆದು ಒಳಗೆ ರಕ್ತಸ್ರಾವವಾಗಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಕಾಳು ಕೊಡಿ ಎಂದೇ ಹೇಳುತ್ತೇನೆ. ಸಂಜೆ ಕೊಡಿ. ಕೋಳಿಗೆ ಹಲ್ಲಿಲ್ಲ. ನುಂಗಿದ್ದು ಮೊದಲು ಕುತ್ತಿಗೆಯ ಬುಡದ ಮೇವಿನ ಚೀಲಕ್ಕೆ ಇಳಿದು ನೆನೆಯುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಗಿಜರ್ಡ್ ಎಂಬ ದಪ್ಪ ಸ್ನಾಯುವಿನ ಜಠರಕ್ಕೆ ಹೋಗುತ್ತದೆ. ಅದು ಬೀಸುವ ಕಲ್ಲಿನ ಹಾಗೆ. ಕೋಳಿ ಹೆಕ್ಕಿ ನುಂಗಿದ ಗರಸಿನ ಹರಳುಗಳು ಅಲ್ಲಿ ಕಾಳನ್ನು ಅರೆಯುತ್ತವೆ. ಪುಡಿ ಆಹಾರ ಬೇಗ ಸಾಗಿಬಿಡುತ್ತದೆ, ಇಡೀ ಕಾಳು ನಿಧಾನಕ್ಕೆ ಅರೆದುಕೊಂಡು ರಾತ್ರಿ ಬಹಳ ಹೊತ್ತು ಶಕ್ತಿ ಕೊಡುತ್ತದೆ. ಬೀದರ್ ಕಡೆಯ ಎತ್ತರದ ಊರುಗಳಲ್ಲಿ ಡಿಸೆಂಬರ್ ಚಳಿಯಲ್ಲಿ ಈ ಹಿಡಿ ಜೋಳಕ್ಕೆ ಬೆಲೆ ಹೆಚ್ಚು. ಬೆಳಿಗ್ಗೆಯೇ ಜೋಳ ಹಾಕಿದರೆ ಮೇವಿನ ಚೀಲ ಅದರಿಂದ ತುಂಬಿ, ದಿನವಿಡೀ ತಿನ್ನಬೇಕಾದ ಸಮತೋಲನ ಆಹಾರಕ್ಕೆ ಜಾಗ ಉಳಿಯುವುದಿಲ್ಲ. ಸಂಜೆ ಅಷ್ಟು ಹೊತ್ತಿಗೆ ಆ ಊಟ ಮುಗಿದಿರುತ್ತದೆ.

ಬಟ್ಟಲಲ್ಲಿ ಇಡದೆ ಅಗಲಕ್ಕೆ ಚೆಲ್ಲಬೇಕು. ಒಂದೇ ಕಡೆ ಸುರಿದರೆ ಹಿಂಡಿನ ಜೋರಿನ ಕೋಳಿ ಇಬ್ಬರ ಪಾಲನ್ನು ತಿನ್ನುತ್ತದೆ, ಹೆದರುವ ಕೋಳಿ ಬೇಲಿ ಬದಿ ನಿಂತು ನೋಡುತ್ತದೆ. ಒಣ ಎಲೆ, ಕಣಿಕೆಯ ಚೂರುಗಳ ಮೇಲೆ ಚೆಲ್ಲಿದರೆ ಎಲ್ಲವೂ ಕೆದರುತ್ತ ಹುಡುಕುತ್ತ ಅರ್ಧ ಗಂಟೆ ಕಳೆಯುತ್ತವೆ. ಕೆದರುವುದು ಕೋಳಿಯ ಹುಟ್ಟುಗುಣ. ಅದಕ್ಕೆ ಅವಕಾಶ ಸಿಗದ ಕೋಳಿಗಳು ಒಂದರ ಗರಿಯನ್ನೊಂದು ಕೀಳತೊಡಗುತ್ತವೆ. ಕತ್ತಲಾಗುವ ಮುಂಚೆ ಕರೆದರೆ ಎಲ್ಲ ಬರುವುದೂ, ಯಾವುದು ಕಾಳಿಗೆ ಓಡಿಬರಲಿಲ್ಲ, ಯಾವುದು ಮಂಕಾಗಿದೆ ಎಂದು ಒಂದು ನೋಟದಲ್ಲಿ ತಿಳಿಯುವುದೂ ಈ ಹಿಡಿ ಜೋಳದಿಂದಲೇ.

ಯಾವ ಕೋಳಿ ಎಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ಊರ ತಿಪ್ಪೆ, ಕಣ, ಕೊಟ್ಟಿಗೆ ಸುತ್ತಿ ಬರುವ ಜವಾರಿ ಕೋಳಿ ವರ್ಷಕ್ಕೆ 60, ಹೆಚ್ಚೆಂದರೆ 80 ತತ್ತಿ ಇಡುತ್ತದೆ. ನಡುವೆ ಕಾವಿಗೆ ಕೂತು ಬಿಡುವು ತೆಗೆದುಕೊಳ್ಳುತ್ತದೆ. ಅದರ ಖರ್ಚು ಕಡಿಮೆ, ಮತ್ತು ತಿಪ್ಪೆಯ ಹುಳು, ಗೆದ್ದಲು, ಸೊಪ್ಪು, ಮಣ್ಣಿನ ಸುಣ್ಣದ ಹರಳು ಎಲ್ಲವನ್ನೂ ತಾನೇ ಹುಡುಕಿಕೊಳ್ಳುತ್ತದೆ. ಅಂಥ ಕೋಳಿಗೆ ನಮ್ಮ ಅಜ್ಜಿ ಎರಡು ಹೊತ್ತು ಜೋಳ ಹಾಕಿದರೂ ಏನೂ ಆಗುತ್ತಿರಲಿಲ್ಲ, ಉಳಿದದ್ದನ್ನು ಹೊಲ ಕೊಡುತ್ತಿತ್ತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ 130ರಿಂದ 150, ಸ್ವರ್ಣಧಾರಾ 180ಕ್ಕೂ ಹೆಚ್ಚು ತತ್ತಿ ಕೊಡುವ ತಳಿಗಳು. ಆ ಕಾಲೇಜು ಈಗ ನಮ್ಮ ಬೀದರ್‌ನಲ್ಲೇ ಕೇಂದ್ರ ಕಚೇರಿ ಇರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಮೂರು ಪಟ್ಟು ದುಡಿಯುವ ಕೋಳಿಯನ್ನು ತಂತಿ ಬೇಲಿಯೊಳಗೆ ಇಟ್ಟು ಜವಾರಿ ಕೋಳಿಯ ಊಟ ಹಾಕಿದ್ದೇ ನಮ್ಮ ಮನೆಯ ತಪ್ಪು. ನಮ್ಮ ಎರಡು ಜವಾರಿ ಕೋಳಿಗಳು ತೊಗಲು ತತ್ತಿ ಇಡಲಿಲ್ಲ ಎಂಬುದನ್ನು ನಾನು ಆಮೇಲೆ ಗಮನಿಸಿದೆ.

ಚೀಲದ ಆಹಾರ ದುಬಾರಿ ಎನ್ನುವವರಿಗೆ ಕಲಬುರಗಿ, ಬೀದರ್, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳ ಹೊಲಗಳೇ ದೊಡ್ಡ ಕಣಜ. ಆದರೆ ಒಂದೊಂದಕ್ಕೂ ಒಂದೊಂದು ಷರತ್ತು ಇದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಇಲ್ಲಿನ ಬೇಳೆ ಗಿರಣಿಗಳಲ್ಲಿ ಉಳಿಯುವ ತೊಗರಿ ನುಚ್ಚಿನಲ್ಲಿ 20 ಶೇಕಡಾ ಮಿಕ್ಕ ಪ್ರೋಟೀನಿದೆ, ಲೈಸಿನ್ ಚೆನ್ನಾಗಿದೆ. ಹಸಿಯಾಗಿ ಕೊಟ್ಟರೆ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶ ಅದರಲ್ಲಿರುವುದರಿಂದ ಬೇಯಿಸಿ ಕೊಡಬೇಕು. ಹೊಟ್ಟು ಬೆರೆತ ಚುನ್ನಿ ಎಮ್ಮೆಗೆ ಸರಿ, ನಾರು ಹೆಚ್ಚಾದ್ದರಿಂದ ಕೋಳಿಗೆ ಅಷ್ಟು ಒಗ್ಗುವುದಿಲ್ಲ.

ಬೀದರ್ ಸೋಯಾಬೀನಿನ ನಾಡು. ಸೋಯಾ ಹಿಂಡಿಯಲ್ಲಿ 45 ಶೇಕಡಾದಷ್ಟು ಪ್ರೋಟೀನಿದೆ, ಕೋಳಿಗೆ ಇದಕ್ಕಿಂತ ಒಳ್ಳೆಯ ಸಸ್ಯ ಪ್ರೋಟೀನು ಸಿಗುವುದು ಕಷ್ಟ. ಆದರೆ ಹೊಲದಿಂದ ತಂದ ಹಸಿ ಸೋಯಾ ಕಾಳನ್ನು ಹಾಗೆಯೇ ಹಾಕಬೇಡಿ. ತೊಗರಿಯಲ್ಲಿ ಹೇಳಿದ ಅದೇ ಅಡ್ಡಿಯ ಅಂಶ ಇಲ್ಲಿ ಬಹಳ ಬಲವಾಗಿದೆ, ಕೋಳಿ ತಿಂದ ಪ್ರೋಟೀನೇ ದಕ್ಕದಂತೆ ಮಾಡುತ್ತದೆ. ಚೆನ್ನಾಗಿ ಹುರಿದರೆ ಅಥವಾ ಕುದಿಸಿದರೆ ಅದು ಹೋಗುತ್ತದೆ. ಗಿರಣಿಯ ಹಿಂಡಿ ಆಗಲೇ ಬಿಸಿ ಕಂಡಿರುತ್ತದೆ.

ಯಾದಗಿರಿಯಲ್ಲಿ ಶಹಾಪುರ, ಸುರಪುರದ ಕಡೆ ಕೃಷ್ಣೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತದೆ, ತೌಡು ಅಗ್ಗಕ್ಕೆ ಸಿಗುತ್ತದೆ. ಎಣ್ಣೆಯಂಶ ಇರುವುದರಿಂದ ಅದು ಬೇಗ ಕಮಟು ಹಿಡಿಯುತ್ತದೆ, ವಾರಕ್ಕಾಗುವಷ್ಟೇ ತರಬೇಕು. ಅದೇ ಜಿಲ್ಲೆಯ ಹತ್ತಿಕಾಳಿನ ಹಿಂಡಿ ಎಮ್ಮೆಗೆ ಹಾಲು ಹೆಚ್ಚಿಸುತ್ತದೆಂದು ಎಲ್ಲರ ಮನೆಯಲ್ಲೂ ಇರುತ್ತದೆ. ತತ್ತಿ ಕೋಳಿಗೆ ಅದು ಬೇಡ. ಅದರಲ್ಲಿನ ಗಾಸಿಪಾಲ್ ಎಂಬ ವಸ್ತು ಹಳದಿ ಭಾಗಕ್ಕೆ ಇಳಿದು, ತತ್ತಿಯನ್ನು ಕೆಲವು ದಿನ ಇಟ್ಟರೆ ಹಳದಿಯನ್ನು ಪಾಚಿ ಬಣ್ಣಕ್ಕೆ ತಿರುಗಿಸುತ್ತದೆ. ಒಡೆದು ನೋಡಿದವರು ತತ್ತಿ ಕೊಳೆತಿದೆ ಎಂದು ಎಸೆಯುತ್ತಾರೆ. ಶೇಂಗಾ ಹಿಂಡಿ ರುಚಿಯಾದದ್ದು, ಪ್ರೋಟೀನೂ ಹೆಚ್ಚು. ಆದರೆ ತೇವ ತಾಗಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಕೂಡುತ್ತದೆ, ಹೊಸದಾಗಿ ಒಣಗಿದ್ದನ್ನೇ ನೋಡಿ ಕೊಳ್ಳಬೇಕು.

ನಾವು ಈಗ ಹತ್ತು ಕಿಲೋ ಮಿಶ್ರಣವನ್ನು ಹೀಗೆ ಮಾಡುತ್ತೇವೆ: ಒಡೆದ ಜೋಳ ಮತ್ತು ಮೆಕ್ಕೆಜೋಳ ಸೇರಿ ಐದೂವರೆ ಕಿಲೋ, ಸೋಯಾ ಹಿಂಡಿ 2 ಕಿಲೋ, ಎಳ್ಳಿನ ಹಿಂಡಿ 800 ಗ್ರಾಂ, ತೌಡು 400 ಗ್ರಾಂ, ಕೋಳಿ ಆಹಾರಕ್ಕೆಂದೇ ಮಾರುವ ಸುಣ್ಣಕಲ್ಲಿನ ಪುಡಿ ಮತ್ತು ಹರಳು ಸೇರಿ 900 ಗ್ರಾಂ, ಕೋಳಿಗಳ ಖನಿಜ ಮಿಶ್ರಣ 350 ಗ್ರಾಂ, ಉಪ್ಪು 30 ಗ್ರಾಂ, ಉಳಿದದ್ದು ವಿಟಮಿನ್ ಪುಡಿ, ಅದು ಪೊಟ್ಟಣದ ಮೇಲೆ ಬರೆದ ಅಳತೆಯಂತೆ. ಲೆಕ್ಕ ಹಾಕಿದರೆ ಪ್ರೋಟೀನು ಹದಿನೇಳೂವರೆ ಶೇಕಡಾ ಬರುತ್ತದೆ. ವಿಟಮಿನ್ ಪುಡಿಯನ್ನು ಚಿಲ್ಲರೆ ವಸ್ತು ಎಂದು ಬಿಡಬಾರದು. ಬಿಸಿಲಿನಲ್ಲಿ ಓಡಾಡುವ ಕೋಳಿ ಡಿ ವಿಟಮಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ, ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ, ಆದರೆ ಉಳಿದವುಗಳಿಗೆ ಆ ಅನುಕೂಲ ಇಲ್ಲ. ಮಿಶ್ರಣ ತೀರ ಒಣಗಿದ್ದರೆ ಕೋಳಿಗಳು ಕಾಳಿನ ಚೂರು ಹೆಕ್ಕಿ ಪುಡಿ ಬಿಡುತ್ತವೆ. ಒಂದಿಷ್ಟು ನೀರು ಚಿಮುಕಿಸಿ ಕಲಸಿದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಕಲಸಿದ್ದನ್ನು ಒಂದೆರಡು ಗಂಟೆಗಿಂತ ಹೆಚ್ಚು ಬಿಡಬಾರದು, ಹುಳಿಯಾಗುತ್ತದೆ.

ಈ ಆಹಾರ ತತ್ತಿಯಿಡುವ ಕೋಳಿಗೆ ಮಾತ್ರ. ಮರಿಗಳಿಗೆ ಇಷ್ಟು ಸುಣ್ಣ ಹಾಕಿದರೆ ಮೂತ್ರಪಿಂಡ ಕೆಡುತ್ತದೆ. ಮರಿಗಳ ತಟ್ಟೆ ಬೇರೆಯೇ ಇರಬೇಕು.

ಸುಣ್ಣದ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ತಪ್ಪುಗಳು ಹೆಚ್ಚು ಆಗುವುದು ಇಲ್ಲೇ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಸುಣ್ಣಕಲ್ಲೇ. ಶಹಾಬಾದ್, ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಆ ಕಲ್ಲಿನ ಹಾಸಿನಿಂದಲೇ. ತತ್ತಿಯ ಸಿಪ್ಪೆ ಮತ್ತು ಕಾಲಡಿಯ ಆ ಪರಸಿ ಬಹುಮಟ್ಟಿಗೆ ಒಂದೇ ವಸ್ತುವಿನಿಂದ ಆಗಿವೆ ಎಂದು ತಿಳಿದ ದಿನ ನನಗೆ ಅಂಗಳದಲ್ಲಿ ನಡೆಯುವುದೇ ಬೇರೆ ರೀತಿ ಅನಿಸಿತು. ಹಾಗೆಂದು ಕಲ್ಲು ಪಾಲಿಶ್ ಮಾಡುವ ಕಡೆಯ ರಾಡಿಯನ್ನು ಒಣಗಿಸಿ ಕೋಳಿಗೆ ಹಾಕಬಾರದು, ಅದರಲ್ಲಿ ಪಾಲಿಶಿನ ಸಾಮಾನೂ ಬೆರೆತಿರುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಸುಟ್ಟ ಸುಣ್ಣ, ಬಾಯಿ ಗಂಟಲು ಸುಡುತ್ತದೆ. ಅದೂ ಬೇಡ. ಆಹಾರದ ಅಂಗಡಿಯ ಸುಣ್ಣಕಲ್ಲಿನ ಹರಳು ಅಥವಾ ಕಪ್ಪೆಚಿಪ್ಪಿನ ಚೂರು ಸರಿ. ಮನೆಯ ತತ್ತಿ ಸಿಪ್ಪೆಯೂ ಆಗುತ್ತದೆ. ತೊಳೆದು, ಹಂಚಿನ ಮೇಲೆ ಬಿಸಿ ಮಾಡಿ, ಸಿಪ್ಪೆಯ ಗುರುತು ಸಿಗದಷ್ಟು ಸಣ್ಣಗೆ ಕುಟ್ಟಬೇಕು. ಇಲ್ಲದಿದ್ದರೆ ತತ್ತಿ ಒಡೆದು ತಿನ್ನುವ ಚಟ ಹತ್ತಬಹುದು.

ಪುಡಿಗಿಂತ ಹರಳಿನಲ್ಲಿ ಒಂದು ಲಾಭ ಇದೆ. ಪುಡಿ ಬೇಗ ಕರಗಿ ಸಾಗಿಹೋಗುತ್ತದೆ. ಜೋಳದ ಕಾಳಿನಷ್ಟು ದಪ್ಪದ ಹರಳು ಗಿಜರ್ಡಿನಲ್ಲಿ ಉಳಿದು ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಕರಗುತ್ತದೆ. ಗೋಡೆ ಕಟ್ಟುವ ಕೆಲಸವೂ ನಡೆಯುವುದು ರಾತ್ರಿಯೇ. ಆದ್ದರಿಂದ ನಮ್ಮ ಹಿತ್ತಲಲ್ಲಿ ಈಗ ಒಂದು ಮಣ್ಣಿನ ಬೋಗುಣಿಯಲ್ಲಿ ಸುಣ್ಣಕಲ್ಲಿನ ಹರಳು ಬೇರೆಯಾಗಿ ಇರುತ್ತದೆ. ತತ್ತಿಯಿಡುವ ಕೋಳಿಗೆ ಸುಣ್ಣದ ಹಸಿವು ತಾನಾಗಿ ಗೊತ್ತಾಗುತ್ತದೆ. ನಾಲ್ಕು ಗಂಟೆಯ ಮೇಲೆ ಒಂದೊಂದಾಗಿ ಬಂದು ಕುಕ್ಕುತ್ತವೆ. ಗರಸಿನ ಹರಳು ಬೇರೆ ಬೋಗುಣಿಯಲ್ಲಿ. ಅದು ಅರೆಯಲು ಮಾತ್ರ, ಕರಗುವುದಿಲ್ಲ.

ಏಪ್ರಿಲ್‌ನಲ್ಲೇ ತೊಗಲು ತತ್ತಿ ಬಿದ್ದದ್ದಕ್ಕೆ ಬಿಸಿಲಿನ ಪಾಲೂ ಇತ್ತು. ಸಿಪ್ಪೆಯ ಕ್ಯಾಲ್ಸಿಯಂ ಊಟದಿಂದ ಬರುತ್ತದೆ, ಕಾರ್ಬೊನೇಟ್ ಮಾತ್ರ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ. ಕೋಳಿ ಬೆವರುವುದಿಲ್ಲ, ಬಾಯಿ ತೆರೆದು ತೇಕಿ ಮೈ ತಂಪು ಮಾಡಿಕೊಳ್ಳುತ್ತದೆ. ಕಲಬುರಗಿಯಲ್ಲಿ 42 ಡಿಗ್ರಿ ದಾಟಿದ ಮಧ್ಯಾಹ್ನ ಹೀಗೆ ತೇಕುತ್ತ ತೇಕುತ್ತ ಆ ಅನಿಲವನ್ನು ಹೊರಗೆ ಕಳೆಯುತ್ತದೆ. ಮೇಲಾಗಿ ಬಿಸಿಲಿಗೆ ಊಟ ಸೇರುವುದಿಲ್ಲ. ಕಡಿಮೆ ತಿನ್ನುವ ಆ ದಿನಗಳಲ್ಲಿ ತಿಂದ ಪ್ರತಿ ತುತ್ತೂ ಗಟ್ಟಿಯಾಗಿರಬೇಕು. ನಾವು ಅದೇ ದಿನಗಳಲ್ಲಿ ಪಾಪ ಎಂದು ಜೋಳ ಹೆಚ್ಚು ಮಾಡಿದ್ದೆವು. ಬೇಸಿಗೆಯಲ್ಲಿ ಮುಖ್ಯ ಊಟವನ್ನು ಬೆಳಿಗ್ಗೆ ಆರಕ್ಕೆ, ಮತ್ತೆ ಸಂಜೆ ಬಿಸಿಲು ಇಳಿದ ಮೇಲೆ ಕೊಡಬೇಕು. ಜೀರ್ಣವಾಗುವಾಗಲೂ ಮೈ ಬಿಸಿಯಾಗುವುದರಿಂದ ಹೊಟ್ಟೆ ತುಂಬಿದ ಹೊತ್ತು ನಡುಹಗಲು ಆಗಬಾರದು. ಕುಡಿಯುವ ನೀರು, ತಿನ್ನುವ ಆಹಾರದ ತೂಕಕ್ಕೆ ಎರಡು ಪಟ್ಟು ಎಂಬುದು ಸಾಧಾರಣ ಲೆಕ್ಕ, ಬೇಸಿಗೆಯಲ್ಲಿ ಅದೂ ಇಮ್ಮಡಿಯಾಗುತ್ತದೆ. ಬೇವಿನ ನೆರಳಲ್ಲಿ ಮಣ್ಣಿನ ಬೋಗುಣಿಗಳನ್ನಿಟ್ಟು ಮಧ್ಯಾಹ್ನ ಒಮ್ಮೆ ಬದಲಿಸುತ್ತೇವೆ. ಬಿಸಿಯಾದ ನೀರನ್ನು ಕೋಳಿ ಕುಡಿಯುವುದಿಲ್ಲ, ನೀರು ಕುಡಿಯದ ಕೋಳಿ ತತ್ತಿಯನ್ನೂ ನಿಲ್ಲಿಸುತ್ತದೆ.

ಕಾಳಿನ ವಿಷಯದಲ್ಲಿ ಕೆಲವು ಮಾತುಗಳನ್ನು ಕಟ್ಟುನಿಟ್ಟಾಗಿ ಹೇಳಬೇಕು. ಜೂನ್‌ನಲ್ಲಿ ಬಿತ್ತಿ ಉಳಿದ ಕೆಂಪು, ಗುಲಾಬಿ ಬಣ್ಣದ ಬೀಜ ಔಷಧಿ ಲೇಪಿಸಿದ ಬೀಜ. ಒಂದು ಹಿಡಿಯೂ ಕೋಳಿಯ ಕಡೆ ಹೋಗಬಾರದು, ತೊಳೆದರೂ ಹೋಗಬಾರದು. ಅದು ಕೋಳಿಗೆ ವಿಷ, ಆ ತತ್ತಿ ತಿಂದ ಮಕ್ಕಳಿಗೂ ಒಳ್ಳೆಯದಲ್ಲ. ಮಳೆಗೆ ಸಿಕ್ಕಿ ಕಪ್ಪಾದ ಮುಂಗಾರು ಜೋಳವನ್ನು, ಬೂಷ್ಟು ಬಂದ ರೊಟ್ಟಿಯನ್ನು ಮನುಷ್ಯರಿಗೆ ಬೇಡವೆಂದು ಕೋಳಿಗೆ ಹಾಕುವ ಅಭ್ಯಾಸ ಬಿಡಬೇಕು. ಬೂಷ್ಟಿನ ವಿಷಕ್ಕೆ ಕೋಳಿಯ ಯಕೃತ್ತು ನಮ್ಮದಕ್ಕಿಂತ ಗಟ್ಟಿಯೇನಲ್ಲ. ಎಳ್ಳ ಅಮಾವಾಸ್ಯೆಯ ಮರುದಿನ ಉಳಿದ ಸಜ್ಜೆ ರೊಟ್ಟಿಯನ್ನು ಮುರಿದು ಹಾಕಬಹುದು, ಉಪ್ಪು ಖಾರದ ಭಜ್ಜಿ ಮಾತ್ರ ಬೇಡ. ಮೊಳಕೆ ಕಾಳು ಕೊಡುವ ಆಸೆಯಿದ್ದರೆ ಹೆಸರು ಕಾಳನ್ನು ಮೊಳಕೆ ಬರಿಸಿ. ಜೋಳವನ್ನು ಮಾತ್ರ ಬರಿಸಬೇಡಿ, ಜೋಳದ ಎಳೆ ಮೊಳಕೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ. ಎಳೆ ಜೋಳದ ಬೆಳೆಗೆ ದನ ನುಗ್ಗಿದರೆ ರೈತ ಎದ್ದುಬಿದ್ದು ಓಡುವುದು ಅದಕ್ಕೇ.

ಬಿಳಿ ಜೋಳ ಹೆಚ್ಚು ತಿಂದ ಕೋಳಿಯ ತತ್ತಿಯ ಹಳದಿ ಪೇಲವವಾಗಿ ಕಾಣುತ್ತದೆ, ಗಿರಾಕಿಗಳು ಇದು ಜವಾರಿಯಲ್ಲ ಎನ್ನುತ್ತಾರೆ. ಬಣ್ಣ ಬರುವುದು ಮೆಕ್ಕೆಜೋಳ ಮತ್ತು ಸೊಪ್ಪಿನಿಂದ. ನುಗ್ಗೆ ಸೊಪ್ಪಿನ ಒಂದು ಗೊಂಚಲನ್ನು ಕೋಳಿಯ ಕತ್ತಿನ ಎತ್ತರಕ್ಕೆ ಕಟ್ಟಿ ತೂಗುಬಿಟ್ಟರೆ ಹಾರಿ ಹಾರಿ ತಿನ್ನುತ್ತವೆ. ಹದಿನೈದು ದಿನದಲ್ಲಿ ಬಣ್ಣ ತಿರುಗುತ್ತದೆ.

ಅವ್ವ ಮೊದಲ ದಿನ ಎರಡು ಹಿಡಿಗೆ ಒಪ್ಪಲಿಲ್ಲ. ಕೋಳಿಗಳು ಅವಳ ಸೆರಗಿನ ಹಿಂದೆ ಸುತ್ತಿ ಕೂಗಿದವು, ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹಸಿದ ಕೋಳಿಗಳು ಮಿಶ್ರಣದ ಬುಟ್ಟಿಗೆ ಬಾಯಿ ಹಾಕಿದವು. ಮೂರನೆಯ ವಾರದಿಂದ ತೊಗಲು ತತ್ತಿ ಕಾಣಲಿಲ್ಲ, ಸಿಪ್ಪೆಯ ಮೇಲಿನ ಒರಟು ಗುಳ್ಳೆಗಳೂ ಹೋದವು. ಈಗ ದಿನವೂ ಕತ್ತಲಾದ ಮೇಲೆ ಅವ್ವ ಗೂಡಿಗೆ ಹೋಗಿ, ಕೋಲಿನ ಮೇಲೆ ಕೂತ ಒಂದೊಂದು ಕೋಳಿಯ ಕುತ್ತಿಗೆಯ ಬುಡವನ್ನು ಎರಡು ಬೆರಳಿನಿಂದ ಮುಟ್ಟಿ ನೋಡುತ್ತಾಳೆ. ಮೆದು ಹಿಟ್ಟಿನ ಉಂಡೆಯಂಥ ಚೀಲ ಕೈಗೆ ಸಿಗುತ್ತದೆ, ಅದರ ಮೇಲುಗಡೆ ಸಂಜೆ ಚೆಲ್ಲಿದ ಜೋಳದ ಕಾಳುಗಳು ಬೆರಳಡಿಯಲ್ಲಿ ಹರಳುಹರಳಾಗಿ ಸರಿಯುತ್ತವೆ.